ಅಟ್ಟುವಾಗ ಬೊಗಳುವ ನಾಯಿಗೆ ‘ಬಾರ್ಕ್ ಕಾಲರ್’: ಬಳಸಿ ಬಿಚ್ಚಿಟ್ಟ ಮೇಲಿನ ಮಾತು

ಮುಧೋಳ ತಾಲ್ಲೂಕಿನಲ್ಲಿ ನಮಗೆ ಐದೆಕರೆ ಎರೆಹೊಲವಿದೆ. ಅರ್ಧಕ್ಕೆ ಕಬ್ಬು ಹಚ್ಚಿದ್ದೇವೆ, ಉಳಿದರ್ಧದಲ್ಲಿ ಹಂಗಾಮಿಗೆ ತಕ್ಕಂತೆ ಬಿಳಿಜೋಳ, ಕಡಲೆ, ಗೋವಿನಜೋಳ ಬರುತ್ತವೆ. ಶಾಲೆಯ ಕೆಲಸ ಮುಗಿಸಿ ಸಂಜೆ ಹೊಲದ ಕಡೆ ಹೊರಟಾಗ ನನಗಿಂತ ಮೊದಲೇ ಬಾಗಿಲಿಗೆ ಬಂದು ನಿಲ್ಲುವುದು ಬಿಜಲಿ, ಎರಡೂವರೆ ವರ್ಷದ ಮುಧೋಳ ತಳಿಯ ಹೆಣ್ಣು ನಾಯಿ. ಪ್ರಾಣಿಯೊಂದನ್ನು ಬೆನ್ನಟ್ಟುವಾಗ ಬೊಗಳುವುದು ಅದರ ಅಭ್ಯಾಸ. ಇದನ್ನು ಬಿಡಿಸಬೇಕೆಂದು ಕಳೆದ ಕಾರ್ತಿಕದಲ್ಲಿ ಆನ್‌ಲೈನ್‌ನಲ್ಲಿ ಒಂದು ‘ಬಾರ್ಕ್ ಕಾಲರ್’, ಅಂದರೆ ನಾಯಿ ಬೊಗಳಿದ ಕೂಡಲೇ ತಾನಾಗಿಯೇ ಶಿಕ್ಷಿಸುವ ಕೊರಳಪಟ್ಟಿಯನ್ನು ತರಿಸಿ, ಮೂರು ವಾರದಷ್ಟು ಬಳಸಿ, ಆಮೇಲೆ ಬಿಚ್ಚಿಟ್ಟೆ. ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಅಚ್ಚಿನ ಪೆಟ್ಟಿಗೆ ಹತ್ತಾರು ಹೆಸರಿನಲ್ಲಿ ಮಾರಾಟಕ್ಕಿರುವುದರಿಂದ ಹೆಸರು ತಿಳಿದೂ ಓದುವವರಿಗೆ ಹೆಚ್ಚಿನ ಲಾಭವಿಲ್ಲ.

ಮುಧೋಳ ನಾಯಿಯನ್ನು ಹತ್ತಿರದಿಂದ ನೋಡದವರಿಗೆ ಇದರಲ್ಲಿ ಅಂಥ ತೊಂದರೆಯೇನು ಎನ್ನಿಸಬಹುದು, ನಾಯಿ ಎಂದ ಮೇಲೆ ಬೊಗಳುವುದು ಇದ್ದದ್ದೇ. ಆದರೆ ಅಟ್ಟುವ ಬೇಟೆ ನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಬೀಗಲ್, ಫಾಕ್ಸ್‌ಹೌಂಡ್‌ಗಳಂಥವು ಮೂಗಿನ ನಾಯಿಗಳು. ನೆಲದ ವಾಸನೆ ಹಿಡಿದು, ಮನುಷ್ಯರ ಕಣ್ಣಿಗೆ ಮರೆಯಾಗಿ ಬಹುದೂರ ಹೋಗುವ ಇವು ತಾವೆಲ್ಲಿದ್ದೇವೆ ಎಂಬುದನ್ನು ಕೂಗಿನಿಂದಲೇ ಹಿಂದೆ ಬರುವವರಿಗೆ ತಿಳಿಸಬೇಕು, ಆದ್ದರಿಂದ ಗಟ್ಟಿ ದನಿಯ ನಾಯಿಗಳನ್ನೇ ತಲೆತಲಾಂತರದಿಂದ ಆರಿಸಿ ಬೆಳೆಸಿದ್ದಾರೆ. ಮುಧೋಳ ನಾಯಿ ಕಣ್ಣಿನ ನಾಯಿ. ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ಇವೆಲ್ಲವೂ ಬಯಲಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೆಲವೇ ನಿಮಿಷಗಳ ಓಟದಲ್ಲಿ ಮುಟ್ಟುವುದಕ್ಕೆಂದು ಆದ ಅಂಗರಚನೆ. ಆ ಓಟದಲ್ಲಿ ಉಸಿರನ್ನು ಕೂಗಿಗೆ ಖರ್ಚು ಮಾಡುವ ನಾಯಿ ಹಿಂದೆ ಬೀಳುತ್ತದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಕಾಲದಲ್ಲಿ ಈ ತಳಿಗೆ ಹೆಸರು ಬಂದದ್ದೇ ಓಟದಿಂದ, ಬಾಯಿಯಿಂದಲ್ಲ. 2005ರಲ್ಲಿ ಅಂಚೆ ಇಲಾಖೆ ದೇಶಿ ನಾಯಿಗಳ ಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಒಂದರ ಮೇಲೆ ನಮ್ಮ ಊರಿನ ನಾಯಿಯೂ ಇತ್ತು.

ಹೀಗಾಗಿ ನಮ್ಮ ಭಾಗದ ಹಿರಿಯರ ಕಣ್ಣಿನಲ್ಲಿ ಓಡುತ್ತ ಬೊಗಳುವ ಮುಧೋಳ ನಾಯಿ ಕುಲಗೆಟ್ಟದ್ದು. ಪಕ್ಕದ ಹೊಲದ ಕಾಕಾ, ಎಂಬತ್ತರ ಅಂಚಿನಲ್ಲಿರುವವರು, ಬಿಜಲಿಯ ಮೊದಲ ಓಟವನ್ನು ಬದುವಿನ ಮೇಲೆ ಕುಳಿತು ನೋಡಿ ಎಲೆಯಡಿಕೆ ಉಗುಳಿ ಹೇಳಿದ್ದು ಇಷ್ಟೇ: “ಓಡೂ ನಾಯಿ ಬಾಯಿ ಮಾಡಿದ್ರ ಮೊಲಕ್ಕ ಮೊದಲ ಕಾಗದ ಹಾಕಿ ಬಂದಂಗ ನೋಡ್ರಿ ಮಾಸ್ತರ.” ಅವರ ಲೆಕ್ಕದಲ್ಲಿ ಇದಕ್ಕೆ ಮೂರು ಕಾರಣಗಳಿರಬಹುದು. ರಕ್ತದಲ್ಲಿ ಎಲ್ಲೋ ಬೇರೆ ನಾಯಿ ಬೆರೆತಿರಬೇಕು, ಇಲ್ಲವೇ ಮರಿಯಿದ್ದಾಗಲೇ ಮುಟ್ಟಲಾಗದ ಪ್ರಾಣಿಯ ಹಿಂದೆ ಬಿಟ್ಟಿರಬೇಕು, ಇಲ್ಲವೇ ಬೊಗಳುವ ನಾಯಿಗಳ ಜೊತೆಯಲ್ಲಿ ಓಡಿ ಕಲಿತಿರಬೇಕು. ಮೊದಲನೆಯದರ ಬಗ್ಗೆ ನಾನು ವಾದಿಸುವುದಿಲ್ಲ, ಮರಿ ಕೊಟ್ಟವರು ಕಾಗದಪತ್ರವೇನನ್ನೂ ಕೊಟ್ಟಿರಲಿಲ್ಲ. ಉಳಿದೆರಡು ಮಾತ್ರ ನನ್ನ ತಪ್ಪೇ. ಬಿಜಲಿ ಆರು ತಿಂಗಳಿನದಿದ್ದಾಗ ಕಬ್ಬಿನ ಹೊಲ ಕಾಯುವ ಎರಡು ಊರನಾಯಿಗಳ ಬೆನ್ನಿಗೆ ಬಿದ್ದು ದಿನವೂ ಓಡುತ್ತಿತ್ತು, ಅವು ಬೊಗಳಿದರೆ ತಾನೂ ಕುಯ್ಯೆನ್ನುತ್ತಿತ್ತು, ನಾನು ನೋಡಿ ನಗುತ್ತಿದ್ದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಬೇಟೆಯಾಡುವವನಲ್ಲ, ನಾಯಿಯನ್ನು ಮೊಲದ ಮೇಲೆ ಛೂ ಬಿಡುವವನೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಅಟ್ಟಿಸುವುದು, ಉರುಲಿಡುವುದು, ಅದಕ್ಕೆ ಯತ್ನಿಸುವುದು ಕೂಡ ಅದೇ ಅರ್ಥದೊಳಗೆ ಬರುತ್ತವೆ. ನಾಯಿ ತನ್ನಷ್ಟಕ್ಕೆ ಓಡಿತು, ನಾನೇನೂ ಮಾಡಲಿಲ್ಲ ಎಂದು ಹೇಳಿಕೊಂಡು ತಿರುಗುವಂಥ ಊರು ನಮ್ಮದಲ್ಲ, ಏಕೆಂದರೆ ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ನಡುವಿನ ಯಡಹಳ್ಳಿ ಗುಡ್ಡಗಳು 2016ರಿಂದ ಚಿಂಕಾರ ಎಂಬ ಹುಲ್ಲೆಯ ಹೆಸರಿನ ವನ್ಯಜೀವಿಧಾಮವಾಗಿವೆ. ಹೊಲದಲ್ಲಿ ಮೊಲ ಏಳುತ್ತದೆ, ನವಿಲು ಬರುತ್ತದೆ, ಮುಂಗುಸಿಗಂತೂ ಲೆಕ್ಕವಿಲ್ಲ. ಕಣ್ಣಿನ ನಾಯಿಗೆ ಇವುಗಳಲ್ಲಿ ಯಾವುದು ಓಡಿದರೂ ಸಾಕು. ಹಾಗಾದರೆ ಬೇಟೆಯಾಡದವನಿಗೆ ಬೊಗಳುವ ಚಿಂತೆ ಯಾಕೆ ಬಂತು ಎಂದು ಯಾರಾದರೂ ಕೇಳಬೇಕಿತ್ತು. ಪಟ್ಟಿಗೆ ಹಣ ಕಟ್ಟುವ ಮೊದಲು ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಮುಂಜಾನೆ ಐದಕ್ಕೆ ಹೊಲದಲ್ಲಿ ಎದ್ದ ಗದ್ದಲಕ್ಕೆ ಸುತ್ತಲಿನವರು ಬೈಯುತ್ತಿದ್ದರು, ಕಾಕಾ ನಗುತ್ತಿದ್ದರು, ಮುಧೋಳ ನಾಯಿ ಹೀಗೆ ಬೊಗಳಬಾರದು ಎಂಬ ಮಾನಾಪಮಾನದ ಪ್ರಶ್ನೆಯೂ ಒಳಗೊಳಗೇ ಇತ್ತು.

ಪಟ್ಟಿಯ ಬೆಲೆ 2,340 ರೂಪಾಯಿ. ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕಪ್ಪು ಯಂತ್ರ, ಅದನ್ನು ಪೋಣಿಸುವ ನೈಲಾನ್ ಪಟ್ಟಿ, ಎರಡು ಅಳತೆಯ ಲೋಹದ ಮೊಳೆಗಳು, ಚಾರ್ಜಿಂಗ್ ವೈರ್ ಮತ್ತು ಇಂಗ್ಲಿಷಿನಲ್ಲಿ ಅಂಗೈಯಗಲದ ಸೂಚನಾಪತ್ರ ಇದ್ದವು. ಯಂತ್ರದ ಒಳಗೆ ಗಂಟಲಿನ ಅದುರುವಿಕೆಯನ್ನು ಗ್ರಹಿಸುವ ಭಾಗವಿದೆ. ನಾಯಿ ಬೊಗಳಿದಾಗ ಮೊದಲು ‘ಬೀಪ್’ ಎನ್ನುತ್ತದೆ, ಎರಡನೆಯ ಸಲ ಮೊಬೈಲ್ ಫೋನಿನಂತೆ ನಡುಗುತ್ತದೆ, ಮುಂದುವರಿದರೆ ಮೊಳೆಗಳ ಮೂಲಕ ಚಿಕ್ಕ ವಿದ್ಯುತ್ ಹೊಡೆತ ಕೊಡುತ್ತದೆ. ಹೊಡೆತದ ತೀವ್ರತೆಗೆ ಒಂದರಿಂದ ಏಳರವರೆಗೆ ಮಟ್ಟಗಳಿವೆ. ಬೇಕೆಂದರೆ ಹೊಡೆತವನ್ನು ಪೂರ್ತಿ ನಿಲ್ಲಿಸಿ ಬೀಪು ಮತ್ತು ನಡುಕ ಮಾತ್ರ ಇಟ್ಟುಕೊಳ್ಳಬಹುದು. ಮೂರನೆಯ ಮಟ್ಟವನ್ನು ನನ್ನ ಮುಂಗೈಗೆ ಒತ್ತಿ ಹಿಡಿದು, ಯಂತ್ರವನ್ನು ಕೆರೆದು ನೋಡಿದೆ. ಹೊಲದ ಬೇಲಿಯ ತಂತಿ ತಾಗಿದಂತೆ ಮೈ ಝುಮ್ಮೆಂದಿತು, ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಕೊಳ್ಳುವವರು ಇಷ್ಟನ್ನಾದರೂ ಮಾಡಿ ನೋಡಬೇಕು ಎನ್ನುತ್ತೇನೆ. ಬಿಜಲಿಯ ಕೂದಲು ನನ್ನ ಮುಂಗೈಯ ಕೂದಲಿಗಿಂತ ಬಹಳವೇನೂ ದಟ್ಟವಾಗಿಲ್ಲ.

ಮೊದಲ ಅಡ್ಡಿ ಬಂದದ್ದು ಕಟ್ಟುವುದರಲ್ಲಿಯೇ. ಈ ಪಟ್ಟಿಗಳನ್ನು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ದಪ್ಪತಲೆಯ ನಾಯಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದಂತಿದೆ. ಮುಧೋಳ ನಾಯಿಯ ತಲೆ ಕಿರಿದು, ಕೊರಳು ಉದ್ದ ಮತ್ತು ಬಲವಾದದ್ದು; ಸಡಿಲ ಕಟ್ಟಿದರೆ ತಲೆ ಬಗ್ಗಿಸಿದ ಕೂಡಲೇ ಪಟ್ಟಿ ಕಿವಿ ದಾಟಿ ಕೆಳಗೆ ಬೀಳುತ್ತದೆ, ಬೀಳದಂತೆ ಬಿಗಿದರೆ ಮೊಳೆಗಳು ತೊಗಲಿಗೆ ಒತ್ತಿ ಕೂರುತ್ತವೆ. ಸೂಚನಾಪತ್ರದ ಪ್ರಕಾರ ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗವಿರಬೇಕು. ಆ ಅಳತೆಯಲ್ಲಿ ಬಿಜಲಿ ಮೂರು ಸಲ ಪಟ್ಟಿ ಕಳಚಿಕೊಂಡು ಬಂತು, ಒಂದು ಸಲ ಅದನ್ನು ಬಾಯಲ್ಲಿ ಕಚ್ಚಿಕೊಂಡೇ ಬಂತು. ಕೊನೆಗೆ ಒಂದು ಬೆರಳಿನ ಜಾಗ ಬಿಟ್ಟು ಕಟ್ಟಿದೆ. ಹತ್ತನೆಯ ದಿನ ಕೊರಳಿನ ಕೆಳಗೆ ಎರಡು ಕೆಂಪು ಕಲೆಗಳು ಎದ್ದವು, ಅವುಗಳಲ್ಲಿ ಒಂದು ಒಡೆದು ನೀರೂ ಬಂತು. ಪಶು ಆಸ್ಪತ್ರೆಯ ವೈದ್ಯರು ಅದನ್ನು ನೋಡಿ ಇದು ಕರೆಂಟಿನ ಸುಟ್ಟಗಾಯವಲ್ಲ, ಒತ್ತಿದ್ದರಿಂದ ಆದ ಹುಣ್ಣು ಎಂದರು. ಮುಲಾಮು ಬರೆದುಕೊಟ್ಟು, ದಿನಕ್ಕೆ ಕೆಲವೇ ಗಂಟೆ ಕಟ್ಟಿ, ಕಟ್ಟಿದ ಜಾಗವನ್ನು ಬದಲಿಸುತ್ತಿರಿ ಎಂದು ಹೇಳಿದರು.

ಮನೆಯ ಅಂಗಳದಲ್ಲಿ ಪಟ್ಟಿ ಕೆಲಸ ಮಾಡಿತು ಎಂಬುದನ್ನು ನಾನು ಒಪ್ಪಲೇಬೇಕು. ಹಾಲಿನವನಿಗೆ, ಕೊರಿಯರ್‌ನವನಿಗೆ, ಸುಮ್ಮನೆ ಹಾದುಹೋಗುವ ಹಂದಿಗಳಿಗೆ ಬೊಗಳುತ್ತಿದ್ದ ನಾಯಿ ನಾಲ್ಕೇ ದಿನಕ್ಕೆ ಬೀಪ್ ಕೇಳಿದೊಡನೆ ಬಾಯಿ ಮುಚ್ಚಲು ಕಲಿಯಿತು, ಅದಕ್ಕೆ ಹೊಡೆತದ ಅಗತ್ಯವೇ ಬೀಳಲಿಲ್ಲ. ಆದರೆ ನಾನು ಹಣ ಕೊಟ್ಟದ್ದು ಅಂಗಳಕ್ಕಲ್ಲ, ಹೊಲಕ್ಕೆ. ಹೊಲದಲ್ಲಿ ಮೊದಲ ವಾರ ಪಟ್ಟಿ ಮಾಡಿದ್ದೆಲ್ಲ ತಲೆಕೆಳಗು. ಬೆನ್ನಟ್ಟುವಾಗ ಬಿಜಲಿ ಹೊರಡಿಸುವ ದನಿ ಅಂಗಳದ ‘ಬೌ’ ಅಲ್ಲ, ಅದು ಉಸಿರಿನ ಜೊತೆಗೆ ಹೊರಬೀಳುವ ತೆಳುವಾದ, ಮೇಲುಸ್ಥಾಯಿಯ, ಕುಯ್ ಕುಯ್ ಎಂಬ ಕೂಗು. ಯಂತ್ರಕ್ಕೆ ಅದು ಬೊಗಳಿದಂತೆ ಕೇಳಿಸುತ್ತಲೇ ಇರಲಿಲ್ಲ. ಗ್ರಹಿಕೆಯ ಮಟ್ಟವನ್ನು ಏರಿಸಿದರೆ ಇನ್ನೊಂದು ಪೇಚು: ಎದೆಯೆತ್ತರದ ಜೋಳದಲ್ಲಿ ನುಗ್ಗಿದಾಗ ದಂಟುಗಳು ಯಂತ್ರಕ್ಕೆ ಬಡಿದು, ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದ ನಾಯಿಗೂ ಹೊಡೆತ ಬೀಳುತ್ತಿತ್ತು. ಒಮ್ಮೆ ನನ್ನ ಪಕ್ಕದಲ್ಲಿಯೇ ಸುಮ್ಮನೆ ಹೆಜ್ಜೆ ಹಾಕುತ್ತಿದ್ದ ಬಿಜಲಿ ಜೋಳದ ಸಾಲಿನಲ್ಲಿ ಚೀರಿ ಕುಳಿತುಬಿಟ್ಟಿತು. ಕುಳಿತಲ್ಲಿಂದ ನನ್ನ ಮುಖವನ್ನೇ ನೋಡಿತು, ಹೊಡೆದವನು ನಾನೇ ಎಂಬಂತೆ. ಆ ಸಂಜೆ ಜೋಳದ ಹೊಲದಲ್ಲಿ ಪಟ್ಟಿ ಕಟ್ಟುವುದನ್ನು ನಿಲ್ಲಿಸಿದೆ. ಕಡಲೆ ಹೊಲದಲ್ಲಿ ಮತ್ತು ಬದುವಿನ ಮೇಲೆ ಮಾತ್ರ ಮುಂದುವರಿಸಿದೆ.

ಎರಡನೆಯ ವಾರಕ್ಕೆ ಯಂತ್ರವೂ ನಾನೂ ನಾಯಿಯೂ ಒಂದು ಹದಕ್ಕೆ ಬಂದೆವು. ಗ್ರಹಿಕೆ ಐದು, ಹೊಡೆತ ಎರಡು. ಹದಿನಾರನೆಯ ದಿನ ಮುಂಜಾನೆ ಕಡಲೆ ಹೊಲದ ಅಂಚಿನಲ್ಲಿ ಮೊಲವೊಂದು ಎದ್ದಿತು, ಬಿಜಲಿ ಹಾರಿತು, ಒಂದು ಕೂಗು, ಒಂದು ಬೀಪು, ಇನ್ನೊಂದು ಅರ್ಧ ಕೂಗು, ಆಮೇಲೆ ಏನೂ ಇಲ್ಲ. ಪೂರ್ತಿ ಮೌನ. ಕಾಕಾ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ಪೆಟ್ಟಿಗೆಯ ಮೇಲೆ ಬರೆದದ್ದು ಅಕ್ಷರಶಃ ನಿಜವಾಗಿತ್ತು: ಎರಡು ವಾರಗಳಲ್ಲಿ ಬೊಗಳುವುದು ನಿಂತಿತ್ತು. ನಿಲ್ಲದೆ ಉಳಿದದ್ದು ಓಟ. ಮೊಲ ಬದು ದಾಟಿತು, ನಾಯಿ ಬದು ದಾಟಿತು, ಎರಡೂ ಪಕ್ಕದವರ ಕಬ್ಬಿಗೆ ನುಗ್ಗಿದವು. ಹತ್ತಡಿ ಎತ್ತರ ಬೆಳೆದು ನಿಂತ ಕಬ್ಬಿನ ಹೊರಗೆ ಬ್ಯಾಟರಿ ಹಿಡಿದುಕೊಂಡು ನಾನು ಕಿವಿಗೊಟ್ಟು ನಿಂತೆ. ಇಷ್ಟು ದಿನ ಇಂಥ ಹೊತ್ತಿನಲ್ಲಿ ಬಿಜಲಿ ಎಲ್ಲಿದೆ, ಯಾವ ದಿಕ್ಕಿಗೆ ಹೊರಟಿದೆ, ಮೊಲ ತಪ್ಪಿಸಿಕೊಂಡಿತೋ ಇಲ್ಲವೋ ಎಂಬುದೆಲ್ಲ ಅದರ ಕೂಗಿನಿಂದಲೇ ನನಗೆ ತಿಳಿಯುತ್ತಿತ್ತು. ಹಾಗೆ ತಿಳಿಯುತ್ತಿತ್ತು ಎಂಬುದು ನನಗೆ ಗೊತ್ತಾದದ್ದೇ ಆ ದಿನ. ಎರಡು ಗಂಟೆಯ ಬಳಿಕ ಬಿಜಲಿ ಸಿಕ್ಕಿದ್ದು ಒಂದೂವರೆ ಕಿಲೋಮೀಟರ್ ಆಚೆ, ಕಾಲುವೆಯ ದಂಡೆಯಲ್ಲಿ, ಕಬ್ಬಿನ ಗರಿ ಕೊಯ್ದು ಕಿವಿಯ ಅಂಚಿನಿಂದ ರಕ್ತ ಸೋರುತ್ತಿತ್ತು. ಬೊಗಳುತ್ತಿದ್ದ ಕಾಲದಲ್ಲಿ ಅದರ ಓಟ ನಮ್ಮ ಹೊಲದ ಗಡಿ ದಾಟಿದ್ದೇ ಅಪರೂಪ. ಕೂಗು ಕೇಳಿ ಹಿಂದಿನಿಂದ ನಾನು ಓಡುತ್ತಿದ್ದೆ, ಮೊಲಕ್ಕೂ ಮುಂಚಿತವಾಗಿಯೇ ಸುದ್ದಿ ಮುಟ್ಟುತ್ತಿತ್ತು, ಓಟ ಬೇಗ ಮುಗಿಯುತ್ತಿತ್ತು. ಕಾಕಾ ಹೇಳಿದ ಆ ಕಾಗದ ಮೊಲದ ಜೊತೆಗೆ ನನ್ನ ವಿಳಾಸಕ್ಕೂ ಬರುತ್ತಿತ್ತು.

ಇಷ್ಟಾದ ಮೇಲೂ ಪಟ್ಟಿಯನ್ನು ಬಿಚ್ಚಿಡಲಿಲ್ಲ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಕೊಟ್ಟ ಹಣ ಕಣ್ಣ ಮುಂದಿರುತ್ತದಲ್ಲ. ಬಿಚ್ಚಿಸಿದ್ದು ಮೂರು ದಿನಗಳ ನಂತರ ನಡೆದ ಇನ್ನೊಂದು ಘಟನೆ. ಅದು ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮೈತುಂಬ ಬಣ್ಣದ ದೀಪ ಹಾಕಿಕೊಂಡು, ಡಾಂಬರು ರಸ್ತೆ ನಡುಗುವಂತೆ ಹಾಡು ಹಚ್ಚಿಕೊಂಡು ಹೋಗುವ ನಮ್ಮ ಭಾಗದ ಟ್ರ್ಯಾಕ್ಟರ್‌ಗಳನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಬಂಡಿದಾರಿಯಲ್ಲಿ ಮುಂಗುಸಿಯ ಹಿಂದೆ ಬಿದ್ದ ಬಿಜಲಿ ಕೂಗಿತು, ಅದೇ ಕ್ಷಣಕ್ಕೆ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು, ಅದೇ ಕ್ಷಣಕ್ಕೆ ಕೊರಳಿಗೆ ಹೊಡೆತ ಬಿತ್ತು. ನಾಯಿಯ ಲೆಕ್ಕದಲ್ಲಿ ಹೊಡೆದದ್ದು ಯಾವುದು? ಮುಂಗುಸಿಯಲ್ಲ, ತನ್ನ ಕೂಗೂ ಅಲ್ಲ, ಟ್ರ್ಯಾಕ್ಟರ್. ಅಂದಿನಿಂದ ದೂರದಲ್ಲಿ ಇಂಜಿನ್ ಸದ್ದು ಕೇಳಿದರೂ ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು ಮನೆಯತ್ತ ಓಡುತ್ತದೆ. ಕಬ್ಬಿನ ಸೀಮೆಯಲ್ಲಿ ಬದುಕಬೇಕಾದ ನಾಯಿಗೆ ಟ್ರ್ಯಾಕ್ಟರ್‌ನ ಭಯ ಎಂಥ ಶಿಕ್ಷೆ ಎಂಬುದನ್ನು ನೀವೇ ಊಹಿಸಬಹುದು. ಈಗ ಐದು ತಿಂಗಳಾಯಿತು, ಆ ಭಯ ಅರ್ಧ ಮಾತ್ರ ಕಡಿಮೆಯಾಗಿದೆ. ಯಂತ್ರಕ್ಕೆ ಬೊಗಳಿದ್ದು ಕೇಳಿಸುತ್ತದೆಯೇ ಹೊರತು ನಾಯಿ ಆಗ ಏನನ್ನು ನೋಡುತ್ತಿದೆ ಎಂಬುದು ಕಾಣಿಸುವುದಿಲ್ಲ. ಎದುರಿಗೆ ಮಗುವೋ ಕುರಿಹಿಂಡೋ ಇದ್ದಿದ್ದರೆ ಗತಿಯೇನು ಎಂದು ನೆನೆದು ಆ ರಾತ್ರಿ ಪಟ್ಟಿಯನ್ನು ಬಿಚ್ಚಿದೆ.

ಮಾರಿದ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ವಾಪಸ್ ಕೇಳಿದೆ. ಇಪ್ಪತ್ತು ನಿಮಿಷ ಕಾಯಿಸಿದ ಮೇಲೆ ಮಾತಿಗೆ ಸಿಕ್ಕ ಹುಡುಗಿ ಬಹಳ ವಿನಯದಿಂದ ಒಂದೇ ಪ್ರಶ್ನೆ ಕೇಳಿದಳು: “ಸರ್, ಯಂತ್ರ ಕೆಲಸ ಮಾಡ್ತಾ ಇದೆಯಾ?” ಮಾಡುತ್ತಿದೆ ಎಂದೆ. ಹಾಗಿದ್ದರೆ ವಾಪಸ್ ಬರುವುದಿಲ್ಲ ಎಂದಳು. ಅವಳ ಕಡೆಯಿಂದ ನೋಡಿದರೆ ನ್ಯಾಯವೇ ಸರಿ.

ಹೊಡೆತದ ಬದಲು ನಿಂಬೆಹುಲ್ಲಿನ ವಾಸನೆಯ ದ್ರವವನ್ನು ಮೂತಿಗೆ ಚಿಮ್ಮಿಸುವ ಪಟ್ಟಿಗಳೂ ಪೇಟೆಯಲ್ಲಿವೆ. ಜಮಖಂಡಿಯ ಸ್ನೇಹಿತರ ಬಳಿ ಇದ್ದುದನ್ನು ಎರಡು ದಿನಕ್ಕೆ ತಂದು ನೋಡಿದೆ. ಗಾಳಿಗೆ ಎದುರಾಗಿ ಓಡುವ ನಾಯಿಯ ಮೂಗಿಗೆ ಆ ದ್ರವ ತಲುಪುವ ಹೊತ್ತಿಗೆ ನಾಯಿ ಅಲ್ಲಿರುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಹಿಡಿದ ದಾರಿ ಎಂದರೆ ನಾಯಿಯನ್ನು ಉದ್ದ ಹಗ್ಗದಲ್ಲಿ ಹಿಡಿದುಕೊಂಡು, ಸೀಟಿಗೆ ತಿರುಗಿ ಬರುವುದನ್ನು ಕಲಿಸುವುದು. ಅದಕ್ಕೆ ಒಟ್ಟು ಖರ್ಚಾದದ್ದು ಸಾವಿರ ರೂಪಾಯಿಗಿಂತ ಕಡಿಮೆ, ಹಿಡಿದ ಕಾಲ ಮಾತ್ರ ಬಹಳ. ಮುಧೋಳದ ಪೇಟೆಯಲ್ಲಿ ಎತ್ತಿನ ಹಗ್ಗ, ಮೂಗುದಾರ, ಬಾರುಕೋಲು ಮಾರುವ ಅಂಗಡಿಯಲ್ಲಿ ಮೊದಲು ಹತ್ತು ಮೀಟರ್ ನೈಲಾನ್ ಹಗ್ಗ ಕೊಂಡೆ. ಮೊದಲ ದಿನವೇ ಅದು ಅಂಗೈಯ ತೊಗಲನ್ನು ಸುಲಿಯಿತು. ನೂಲಿನ ಹಗ್ಗ ತಂದೆ, ಮಾಗಿಯ ಇಬ್ಬನಿಯಲ್ಲಿ ನೆನೆದು ಹಾವಿನಂತೆ ಭಾರವಾಯಿತು. ಕೊನೆಗೆ ಒಪ್ಪಿಗೆಯಾದದ್ದು ಲಾರಿಯ ಸರಕು ಬಿಗಿಯುವಂಥ ಚಪ್ಪಟೆ ಪಟ್ಟಿ, ಒಂದಂಗುಲ ಅಗಲದ್ದು. ಕೈ ಕೊಯ್ಯುವುದಿಲ್ಲ, ಕಡಲೆ ಗಿಡಕ್ಕೆ ಸಿಕ್ಕಿಕೊಳ್ಳುವುದೂ ಕಡಿಮೆ. ಇದನ್ನು ಕೊರಳಿಗೆ ಕಟ್ಟಲೇಬಾರದು. ಕಣ್ಣಿನ ನಾಯಿ ಕೆಲವೇ ನೆಗೆತಗಳಲ್ಲಿ ಪೂರ್ತಿ ವೇಗಕ್ಕೆ ಬರುತ್ತದೆ, ಆ ವೇಗದಲ್ಲಿ ಹಗ್ಗದ ತುದಿ ಮುಟ್ಟಿದರೆ ಕತ್ತಿನ ಮೂಳೆಗೇ ಪೆಟ್ಟು. ಎದೆಗೆ ಕಟ್ಟುವ ಸಿದ್ಧ ಪಟ್ಟಿಗಳು ಬಿಜಲಿಯ ಆಳವಾದ ಎದೆಗೂ ಸಣ್ಣ ನಡುವಿಗೂ ಹೊಂದದ ಕಾರಣ, ಶಾಲೆಯ ಮಕ್ಕಳ ಚೀಲ ಹೊಲಿಯುವವರಿಂದ ಅಳತೆ ಕೊಟ್ಟು 350 ರೂಪಾಯಿಗೆ ಒಂದನ್ನು ಹೊಲಿಸಿದೆ. ಅದರ ಹೊಲಿಗೆ ಇಂದಿಗೂ ಒಂದೆಳೆ ಬಿಟ್ಟಿಲ್ಲ.

ಇನ್ನು ಸೀಟಿ. ಶಾಲೆಯ ಆಟದ ಸೀಟಿಯನ್ನೇ ಬಳಸಿದ್ದು ನನ್ನ ಮೊದಲ ಪೆದ್ದುತನ. ಒಳಗೆ ಗುಂಡು ಇರುವ ಸೀಟಿಯ ದನಿ ಊದುವ ಉಸಿರಿಗೆ ತಕ್ಕಂತೆ ಬದಲಾಗುತ್ತದೆ. ಅದಲ್ಲದೆ ನಮ್ಮ ಮನೆ ಶಾಲೆಗೆ ಹತ್ತಿರವಿರುವುದರಿಂದ ದೈಹಿಕ ಶಿಕ್ಷಣದ ಮಾಸ್ತರರು ಮಕ್ಕಳನ್ನು ಸಾಲು ನಿಲ್ಲಿಸಲು ಊದಿದಾಗಲೆಲ್ಲ ಬಿಜಲಿ ನನ್ನನ್ನು ಹುಡುಕಿಕೊಂಡು ಬರತೊಡಗಿತು. ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿಯನ್ನು 180 ರೂಪಾಯಿಗೆ ತರಿಸಿದೆ. ಎರಡು ಚಿಕ್ಕ ಊದು ಎಂದರೆ ತಿರುಗಿ ಬಾ. ತಿರುಗಿ ಬಂದರೆ ಏನು ಸಿಗಬೇಕು ಎಂಬುದನ್ನು ಕಂಡುಹಿಡಿಯಲು ಒಂದು ವಾರ ಹಿಡಿಯಿತು. ತುಪ್ಪ ಸವರಿದ ಸಜ್ಜಿ ರೊಟ್ಟಿಯ ಚೂರಿಗೆ ಮನೆಯಲ್ಲಿ ಬೆಲೆಯಿತ್ತು, ಹೊಲದಲ್ಲಿ ಇರಲಿಲ್ಲ. ಬೇಯಿಸಿದ ಮೊಟ್ಟೆಗೆ ಮಾತ್ರ ಎಲ್ಲೆಲ್ಲಿಯೂ ಬೆಲೆ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲವಾದ್ದರಿಂದ ಮೋಟರ್ ಶೆಡ್ಡಿನಲ್ಲಿ ಮೂರು ಕಲ್ಲು ಹೂಡಿ ಬೇಯಿಸುತ್ತೇನೆ, ನನ್ನ ಹೆಂಡತಿಗೆ ಗೊತ್ತಿದೆ, ಕೇಳುವುದಿಲ್ಲ.

ಕಲಿಸುವ ಕ್ರಮದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು, ಯಾವುದನ್ನು ಅಡಗಿಸಲು 2,340 ರೂಪಾಯಿ ಸುರಿದೆನೋ ಅದೇ ಕೂಗು. ಉದ್ದ ಬಿದಿರಿನ ತುದಿಗೆ ದಾರ ಕಟ್ಟಿ, ದಾರದ ತುದಿಗೆ ಹಳೆಯ ಟವೆಲ್ ಕಟ್ಟಿ ಅಂಗಳದಲ್ಲಿ ಸುತ್ತಿಸುತ್ತಿದ್ದೆ. ಬಿಜಲಿ ಅದರ ಹಿಂದೆ ಓಡಬೇಕು, ಸೀಟಿ ಕೇಳಿದಾಗ ಬಿಟ್ಟು ಬರಬೇಕು, ಬಂದರೆ ಮೊಟ್ಟೆಯ ಚೂರು, ಜೊತೆಗೆ ಮತ್ತೊಂದು ಸುತ್ತು ಓಟ. ಅದು ಸುಮ್ಮನೆ ಓಡುತ್ತಿರುವವರೆಗೆ ಸೀಟಿ ಕಿವಿಗೆ ಬೀಳುತ್ತದೆ. ಕುಯ್ ಎಂದು ಕೂಗತೊಡಗಿತೆಂದರೆ ಹಾಲು ಉಕ್ಕಿತೆಂದು ಅರ್ಥ, ಇನ್ನು ಏನು ಊದಿದರೂ ಕೇಳುವುದಿಲ್ಲ. ಆದ್ದರಿಂದ ಕೂಗು ಬಂದ ಕ್ಷಣಕ್ಕೆ ಟವೆಲ್ ನೆಲಕ್ಕೆ ಬಿದ್ದು ಸತ್ತಂತೆ ಮಲಗುತ್ತದೆ, ನಾನೂ ಮರದಂತೆ ನಿಲ್ಲುತ್ತೇನೆ. ಬೈಗುಳವಿಲ್ಲ, ಹೊಡೆತವಿಲ್ಲ, ಆಟ ಮಾತ್ರ ಇಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ಮತ್ತೆ ಶುರು. ಹೊಲದಲ್ಲಿಯೂ ಇದೇ ಅಳತೆಗೋಲು: ನವಿಲನ್ನು ಐವತ್ತು ಮೀಟರ್ ದೂರದಿಂದ ನೋಡಿ ಸುಮ್ಮನಿದ್ದರೆ ಅಲ್ಲಿಯೇ ಸೀಟಿ ಊದಿ ಮೊಟ್ಟೆ ಕೊಡುವುದು, ಮೂವತ್ತಕ್ಕೆ ಬಂದಾಗ ಕೂಗತೊಡಗಿದರೆ ಮತ್ತೆ ಐವತ್ತಕ್ಕೆ ಸರಿಯುವುದು. ಮೂರನೆಯ ತಿಂಗಳಿಗೆ ಮೂವತ್ತು ಮೀಟರ್ ಸಾಧ್ಯವಾಯಿತು. ಜೋಳ ಕೊಯ್ದು ಕೂಳೆ ಮಾತ್ರ ಉಳಿದ ಮೇಲೆ ಬಯಲಿನಲ್ಲಿ ಎಲ್ಲವೂ ಸುಲಭವಾಗಿ ಕಾಣತೊಡಗಿ ಒಂದು ವಾರ ಮತ್ತೆ ಹಿಂದಕ್ಕೆ ಬಿದ್ದೆವು.

ಈಗಿನ ಸ್ಥಿತಿಯನ್ನು ಹೆಚ್ಚಿಸಿ ಹೇಳಬಾರದು. ಮೊಲ ದೂರದಲ್ಲಿ ಎದ್ದರೆ ಬಿಜಲಿ ಎರಡು ಕೂಗು ಹಾಕುತ್ತದೆ, ಸೀಟಿಗೆ ಬಹುಪಾಲು ತಿರುಗುತ್ತದೆ. ಕಾಲಬುಡದಲ್ಲಿಯೇ ಎದ್ದರೆ ತಿರುಗುವುದಿಲ್ಲ, ಆಗ ಉದ್ದ ಪಟ್ಟಿಯೇ ದಿಕ್ಕು. ಮಂಗಗಳ ವಿಷಯದಲ್ಲಿ ನಾನು ಸಂಪೂರ್ಣ ಸೋತಿದ್ದೇನೆ. ಹೀಗಾಗಿ ಮುಂಜಾನೆ ಮತ್ತು ಮುಸ್ಸಂಜೆ, ಅಂದರೆ ಪ್ರಾಣಿಗಳು ಹೊರಬೀಳುವ ಹೊತ್ತಿನಲ್ಲಿ, ಈ ಉದ್ದ ಪಟ್ಟಿಯಿಲ್ಲದೆ ಬಿಡುವುದಿಲ್ಲ. ಇನ್ನೊಂದು ಕಾರಣವೂ ಇದೆ: ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇಂಥ ನಾಯಿ ಓಡುತ್ತ ಓಡುತ್ತ ಮೈಕಾವು ಏರಿ ಬಿದ್ದುಬಿಡಬಹುದು, ಓಡುವ ಹೊತ್ತಿಗೆ ಅದಕ್ಕೆ ಆ ಅರಿವಿರುವುದಿಲ್ಲ. ಹಾಗೆಂದು ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ಪರಿಹಾರವಲ್ಲ. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ ಎಂಬುದು ಒಂದು ಕಡೆಗಿರಲಿ, ಹಾಗೆ ಕಟ್ಟಿಸಿಕೊಂಡ ನಾಯಿ ಬಿಟ್ಟ ದಿನ ಮೊದಲು ಕಂಡದ್ದರ ಹಿಂದೆ ಹುಚ್ಚು ಹಿಡಿದಂತೆ ಕೂಗುತ್ತ ಓಡುತ್ತದೆ.

ಹಾಗಾದರೆ ಈ ಬಾರ್ಕ್ ಕಾಲರನ್ನು ಯಾರು ಕೊಳ್ಳಬಹುದು? ಅಪಾರ್ಟ್‌ಮೆಂಟಿನಲ್ಲಿ ದಪ್ಪ ಕೂದಲಿನ, ದಪ್ಪ ತಲೆಯ ನಾಯಿಯಿದ್ದು, ನೆರೆಯವರ ದೂರು ಠಾಣೆಯವರೆಗೂ ಹೋಗುವಂತಿದ್ದು, ಬೇರೆಲ್ಲವನ್ನೂ ಮಾಡಿ ನೋಡಿ ಆಗಿದ್ದರೆ, ಹೊಡೆತವನ್ನು ಪೂರ್ತಿ ನಿಲ್ಲಿಸಿ ಬೀಪು ಮತ್ತು ನಡುಕದಲ್ಲಿ ಮಾತ್ರ ಬಳಸಬಹುದೇನೋ. ಅದಕ್ಕೆ ಐದರಲ್ಲಿ ಎರಡು ಅಂಕ. ಬ್ಯಾಟರಿ ಹತ್ತು ದಿನ ಬರುತ್ತದೆ, ನೀರಿಗೆ ಹೆದರುವುದಿಲ್ಲ, ಕೊಂಡಿ ಗಟ್ಟಿಯಾಗಿದೆ. ಅಟ್ಟುವ ನಾಯಿಗೆ, ಅದರಲ್ಲಿಯೂ ಮುಧೋಳ, ಪಶ್ಮಿ, ರಾಜಪಾಳಯಂನಂಥ ತೆಳುಮೈಯ ನಾಯಿಗೆ, ನನ್ನ ಅಂಕ ಸೊನ್ನೆ. ಮೂಗಿನ ನಾಯಿಯಾದ ಬೀಗಲ್‌ಗೆ ಕಟ್ಟುವ ಯೋಚನೆಯಿದ್ದರೆ ಅದನ್ನು ಇಲ್ಲಿಯೇ ಬಿಡುವುದು ಒಳ್ಳೆಯದು, ಕೂಗುವುದಕ್ಕೆಂದೇ ಹುಟ್ಟಿದ ನಾಯಿಗೆ ಕೂಗಿದ್ದಕ್ಕೆ ಕರೆಂಟು ಕೊಡುವುದರಲ್ಲಿ ಯಾವ ಅರ್ಥವೂ ಇಲ್ಲ.

ಕಳೆದ ಭಾನುವಾರ ಕಾಕಾ ಮತ್ತೆ ಬದುವಿನ ಮೇಲೆ ಕುಳಿತಿದ್ದರು. ಬಾವಿಯ ಕಡೆಯಿಂದ ಮೊಲ ಎದ್ದಿತು, ಬಿಜಲಿ ಎರಡು ಸಲ ಕೂಗಿ ಮುಂದಕ್ಕೆ ಹಾರಿತು, ಸೀಟಿ ಕೇಳಿ ಧೂಳೆಬ್ಬಿಸಿಕೊಂಡು ತಿರುಗಿ ನನ್ನ ಕೈಗೆ ಮೂತಿ ಹಚ್ಚಿತು. “ಇನ್ನೂ ಬಾಯಿ ಮಾಡ್ತದಲ್ರೀ ಮಾಸ್ತರ, ಆ ಎರಡು ಸಾವಿರದ ಪಟ್ಟಿ ಏನಾತು?” ಎಂದರು. ತೋರಿಸಿದೆ. ಯಂತ್ರವನ್ನು ಕಳಚಿ ಮೇಜಿನ ಖಾನೆಗೆ ಹಾಕಿದ್ದೇನೆ, ನೈಲಾನ್ ಪಟ್ಟಿಯಿಂದ ಹನಿ ನೀರಾವರಿಯ ಮುಖ್ಯ ಪೈಪನ್ನು ಕಂಬಕ್ಕೆ ಬಿಗಿದಿದ್ದೇನೆ. ಕಾಕಾ ಎದ್ದು ಹೋಗಿ ಅದನ್ನು ಎರಡು ಸಲ ಜಗ್ಗಿ ನೋಡಿ, ಮಾಲು ಗಟ್ಟಿ ಐತಿ ಎಂದರು.